ಹಂಡೆಗಿಂತ ಮೊದಲು ಫ್ರಿಜ್ಜು

ಮನೆಯಲ್ಲಿ ಬಿಯರ್ ಮಾಡುವ ಹುಚ್ಚು ಹತ್ತಿದವರಿಗೆ ಸ್ವಲ್ಪ ದಿನದಲ್ಲೇ ಸಾಮಾನು ಕೊಳ್ಳುವ ಆಸೆ ಶುರುವಾಗುತ್ತದೆ. ದೊಡ್ಡ ಸ್ಟೀಲ್ ಹಂಡೆ ಬೇಕು, ಪಂಪು ಬೇಕು. ನಾನಿರುವ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕಾನೂನಿನ ಅಡ್ಡಿಯೂ ಇಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದಾಗಿ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು.

ಮಾಲ್ಟ್ ಸಿರಪ್ಪಿನ ಕಿಟ್ ಬಿಟ್ಟು ಧಾನ್ಯಕ್ಕೆ ಇಳಿದಾಗ ನನಗೆ ಸಿಕ್ಕಿದ್ದು ರುಚಿಯ ಮೇಲಿನ ಹಿಡಿತ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟರೆ ಅದರ ಕಿಣ್ವಗಳೇ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿಟ್ಟರೆ ಯೀಸ್ಟ್ ಅರಗಿಸಿಕೊಳ್ಳುವ ಸಕ್ಕರೆ ಹೆಚ್ಚು, ಬಿಯರ್ ತೆಳು. 69ಕ್ಕೆ ಏರಿಸಿದರೆ ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಉಳಿದು ಬಾಯಿಗೆ ಮಂದವಾಗುತ್ತದೆ. ನಾಲ್ಕೇ ಡಿಗ್ರಿಯಲ್ಲಿ ಇಷ್ಟು ಅಂತರ!

ನೀರಿನ ಬಗ್ಗೆ ಒಂದು ಮಾತು. ನಮ್ಮ ನಲ್ಲಿಯ ನೀರು ಮೆದು, ಆದರೆ ಅದರಲ್ಲಿ ಸೋಂಕುನಿವಾರಕ ಕ್ಲೋರಮೈನ್ ಇರುತ್ತದೆ. ಅದು ಕುದಿಸಿದರೂ ಸುಲಭಕ್ಕೆ ಹೋಗದು; ಉಳಿದರೆ ಬಿಯರಿಗೆ ಔಷಧದ ವಾಸನೆ. ಅದನ್ನು ಕಳೆಯುವ ಕ್ಯಾಂಪ್ಡೆನ್ ಮಾತ್ರೆಯ ಒಂದು ಚೂರು ಪುಡಿಮಾಡಿ ಹಾಕಿದರೆ ಸಾಕು.

ಇದೆಲ್ಲಕ್ಕಿಂತ ದೊಡ್ಡದು ಯೀಸ್ಟಿನ ಹವೆ. ಬೇಸಿಗೆಯ ದೋಸೆಹಿಟ್ಟಿಗೂ ಚಳಿಗಾಲದ ಹಿಟ್ಟಿಗೂ ಇರುವ ವ್ಯತ್ಯಾಸ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಏಲ್ ಎಂಬ ಬಗೆಯ ಬಿಯರಿನ ಸಾಮಾನ್ಯ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಹುದುಗುವಾಗ ಯೀಸ್ಟೇ ಶಾಖ ಹುಟ್ಟಿಸುವುದರಿಂದ ಬಕೆಟ್ಟಿನ ಒಳಗೆ ಕೋಣೆಗಿಂತ ಕೆಲವು ಡಿಗ್ರಿ ಬಿಸಿ ಹೆಚ್ಚಿರುತ್ತದೆ. ಮೊದಲ ಎರಡು ಮೂರು ದಿನ ಅದು ಮಿತಿಮೀರಿದರೆ ಗಂಟಲು ಸುಡುವಂಥ ಫ್ಯೂಸೆಲ್ ಆಲ್ಕೋಹಾಲುಗಳು ಸೇರಿಕೊಳ್ಳುತ್ತವೆ. ಆಮೇಲೆ ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂ ಎಷ್ಟು ಒಳ್ಳೆಯದು ಹಾಕಿದರೂ ಅವು ಹೋಗುವುದಿಲ್ಲ. ನಾನು ಹಳೆಯ ಫ್ರಿಜ್ಜಿಗೆ ತಾಪ ನಿಯಂತ್ರಕ ಜೋಡಿಸಿ, ಅದರ ಸೆನ್ಸರನ್ನು ಬಕೆಟ್ಟಿನ ಮೈಗೇ ಅಂಟಿಸುತ್ತೇನೆ. ಹುದುಗು ಮುಗಿಯುವ ಹೊತ್ತಿಗೆ ಎರಡು ಡಿಗ್ರಿ ಏರಿಸಿದರೆ ಬೆಣ್ಣೆವಾಸನೆಯ ಡೈಅಸಿಟೈಲನ್ನು ಯೀಸ್ಟೇ ತಿಂದುಹಾಕುತ್ತದೆ. ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ 1.050ರಿಂದ 1.010ಕ್ಕೆ ಇಳಿದರೆ ಮದ್ಯಾಂಶ ಸುಮಾರು ಶೇ. 5.2. ಆ ಅಂಕಿ ಮೂರು ದಿನ ಕದಲದೆ ನಿಂತ ಮೇಲಷ್ಟೇ ಬಾಟಲಿಗೆ ತುಂಬಬೇಕು, ಇಲ್ಲದಿದ್ದರೆ ಬಾಟಲಿ ಸಿಡಿದೀತು.

ವಾರಕ್ಕೊಂದು ಹೊಸ ಪಾಕ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಇದೇ ಆರೆಗಾನ್ ರಾಜ್ಯದಲ್ಲಿ ರೂಪುಗೊಂಡು 1972ರಲ್ಲಿ ಹೊರಬಂದ ಕ್ಯಾಸ್ಕೇಡ್ ಹಾಪ್ಸ್ ಒಂದನ್ನೇ ಹಾಕಿ ಪೇಲ್ ಏಲ್ ಮಾಡುತ್ತೇನೆ. ಪ್ರತಿ ಸಲ ವಿಧಾನದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸುತ್ತೇನೆ. ಯಾವುದರಿಂದ ಯಾವ ರುಚಿ ಬಂತೆಂದು ನಾಲಿಗೆ ಕಲಿತದ್ದು ಹೀಗೆಯೇ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಊರಿನ ಗೆಳೆಯರು ಇದನ್ನು ಗಮನಿಸಬೇಕು. ಅವಕಾಶವಿರುವ ದೇಶಗಳಲ್ಲಿರುವವರು ಪಂಪಿಗೆಂದು ಕೂಡಿಟ್ಟ ಹಣದಲ್ಲಿ ಮೊದಲು ಹಳೆಯ ಫ್ರಿಜ್ಜೊಂದನ್ನು ತನ್ನಿ.