ತಾಲೀಮಿನಲ್ಲಿ ಮೊದಲು ಕೈ ನೋಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬೆಳೆದವರಿಗೆ ತಾಲೀಮು ಹೊಸದೇನಲ್ಲ. ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಮುಂದೋ ಹಾರ್ಮೋನಿಯಂ ಮೇಷ್ಟ್ರು ಕೂತು ‘ಕುರುಕ್ಷೇತ್ರ’ ಕಲಿಸುವುದನ್ನು ನೋಡಿಯೇ ಇರುತ್ತೀರಿ. ಅಲ್ಲಿ ಮಾತು, ಕಂದ, ವೃತ್ತ ಎಲ್ಲ ಮೊದಲೇ ಗಟ್ಟಿಯಾಗಿರುತ್ತವೆ. ಭೀಮನ ಪಾರ್ಟಿನವನು ಅದಕ್ಕೆ ತಕ್ಕಂತೆ ಪಳಗಬೇಕು. ನೀವು ಈಗಷ್ಟೇ ಬರೆದು ತಂದಿರುವ ನಾಟಕದಲ್ಲಿ, ಅದೂ ಕೆಲಸದ ಜಾಗದಲ್ಲೇ ನಡೆಯುವ ನಾಟಕದಲ್ಲಿ, ಪಳಗಬೇಕಾದದ್ದು ಬರಹ. ಅದಕ್ಕಾಗಿಯೇ ನಾಟಕಕಾರ ತಾಲೀಮಿಗೆ ಬಂದು ಕೂರುವುದು.

ಒಂದು ದೃಶ್ಯ ಇಟ್ಟುಕೊಳ್ಳೋಣ. ರಾಮನಗರದ ಒಂದು ನೂಲು ಬಿಚ್ಚಾಣಿಕೆ ಮನೆ. ಗೂಡು ಕುದಿನೀರಿನಲ್ಲಿ ಬೇಯುತ್ತಿದೆ. ಹೆಂಗಸೊಬ್ಬಳು ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡುತ್ತಿದ್ದಾಳೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ, ಕಿತ್ತರೆ ಮತ್ತೆ ತುದಿ ಹುಡುಕಬೇಕು. ನೀವು ಅವಳ ಬಾಯಿಗೆ ಹೀಗೊಂದು ಮಾತು ಕೊಟ್ಟಿದ್ದೀರಿ: “ನನ್ನ ಬೆರಳಿನ ನೋವು ಈ ಸೀರೆ ಉಡುವವರಿಗೆ ಎಂದಾದರೂ ತಿಳಿದೀತೇ?” ಬರೆಯುವಾಗ ಕಣ್ಣು ತುಂಬಿ ಬಂದ ಮಾತು ಅದು. ತಾಲೀಮಿನಲ್ಲಿ ನಟಿ ಅದನ್ನು ಹೇಳಬೇಕಾದರೆ ಕೆಲಸ ನಿಲ್ಲಿಸಿ, ತಲೆ ಎತ್ತಿ, ನಮ್ಮ ಕಡೆ ತಿರುಗಬೇಕಾಗುತ್ತದೆ. ಅಷ್ಟು ಹೊತ್ತು ಚರಕ ಯಾರನ್ನು ಕಾಯುತ್ತದೆ?

ಈಗ ಅವಳ ಮುಂದೆ ನಿಜವಾಗಿಯೂ ಒಂದು ಬೋಗುಣಿ ಬಿಸಿನೀರು ಇಡಿಸಿ. ಕೈಗೆ ತಾಳುವಷ್ಟು ಬಿಸಿ ಸಾಕು. ನಟಿ ಕೈ ಅದ್ದುತ್ತಾಳೆ, ಸರಕ್ಕನೆ ಎಳೆದುಕೊಳ್ಳುತ್ತಾಳೆ, ಬೆರಳಿಗೆ ಉಫ್ ಎಂದು ಊದಿ ಮತ್ತೆ ಅದ್ದುತ್ತಾಳೆ. “ಎಳೆ ಕಿತ್ತೋಯ್ತು ಕಣಕ್ಕ” ಅನ್ನುತ್ತಾಳೆ. ನಿಮ್ಮ ಉದ್ದನೆಯ ಮಾತಿನಲ್ಲಿದ್ದ ನೋವು ಈ ಮೂರೇ ಪದಗಳಲ್ಲಿ ಬಂತು. ಪೆನ್ಸಿಲ್ ತೆಗೆದು ಹಳೆಯ ಸಾಲಿನ ಮೇಲೆ ಗೀಟು ಎಳೆಯಿರಿ. ಮೊದಲ ಸಲ ಹೊಟ್ಟೆ ಉರಿಯುತ್ತದೆ, ಉರಿಯಲಿ.

ಪ್ರತಿ ಕಸುಬಿಗೂ ಅದರದೇ ಮಾತಿನ ರೀತಿ ಉಂಟು. ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ಗಮನಿಸಿ. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಬಣ್ಣ ಹರಡುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಇಷ್ಟರಲ್ಲಿ ಕಣ್ಣು ಮರ ಬಿಟ್ಟು ಅಲ್ಲಾಡುವಂತಿಲ್ಲ. ಹಾಗಾಗಿ ಅಪ್ಪ, ಮಗ ಅಕ್ಕಪಕ್ಕದಲ್ಲೇ ಕೂತು ಒಬ್ಬರ ಮುಖ ಒಬ್ಬರು ನೋಡದೆ ಜಗಳ ಆಡಬಲ್ಲರು. ಇದಕ್ಕಿಂತ ಒಳ್ಳೆಯ ರಂಗಸೂಚನೆಯನ್ನು ನಾನಂತೂ ಕುರ್ಚಿಯಲ್ಲಿ ಕೂತು ಕಲ್ಪಿಸಲಾರೆ. ಮಾಗಡಿಯ ದನಗಳ ಜಾತ್ರೆಯಲ್ಲಾದರೆ ಟವಲ್ಲಿನಡಿ ಬೆರಳು ಹಿಡಿದೇ ರೇಟು ಕುದುರುತ್ತಿತ್ತು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಹರಾಜಿನ ಕೂಗು. ಈಗ ಇ-ಹರಾಜು, ಬೆಲೆ ಮೊಬೈಲಿನಲ್ಲಿ ಬೀಳುತ್ತದೆ. ಗೂಡಿನ ಮುಂದೆ ನಿಂತ ರೈತ ಕೂಗಿಗಾಗಿ ಕಿವಿಗೊಡುವ ಬದಲು ಪರದೆ ನೋಡುತ್ತಾನೆ. ಆ ಮೌನವನ್ನು ಮಾತಿನಿಂದ ತುಂಬಬೇಡಿ.

ದುಡಿಯುವವರ ಬದುಕು ಕನ್ನಡ ರಂಗಕ್ಕೆ ಅಪರಿಚಿತವಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ, ಪ್ರಸನ್ನ ಅವರ ನಿರ್ದೇಶನದಲ್ಲಿ ‘ತಾಯಿ’ ಆಡಿತು. ಗಾರ್ಕಿಯ ಕಾದಂಬರಿಯಿಂದ ಬಂದ ಕಾರ್ಖಾನೆಯ ಕಥೆ ಅದು. ಕೈಲಾಸಂ ತಮ್ಮ ನಾಟಕಗಳನ್ನು ಬಾಯಲ್ಲಿ ಹೇಳಿ ಬರೆಸುತ್ತಿದ್ದರು ಎಂಬುದನ್ನೂ ನೆನಪಿಡಿ. ಮಾತು ನಾಲಿಗೆಯ ಮೇಲೆ ಹುಟ್ಟಿದರೆ ನಟ ತಡವರಿಸುವುದಿಲ್ಲ. ಒಬ್ಬ ನಟ ಒಂದೇ ಸಾಲಿನಲ್ಲಿ ಮೂರು ಸಲ ಎಡವಿದರೆ ತಪ್ಪನ್ನು ಮೊದಲು ಆ ಸಾಲಿನಲ್ಲೇ ಹುಡುಕಿ.

ಹೇಳಬೇಕಾದದ್ದನ್ನು ನಟರಿಗೆ ನೇರ ಹೇಳಬೇಡಿ. ತಾಲೀಮು ಮುಗಿದ ಮೇಲೆ ನಿರ್ದೇಶಕರ ಹತ್ತಿರ ಮಾತಾಡಿ, ಇಲ್ಲದಿದ್ದರೆ ನಟರಿಗೆ ಇಬ್ಬರು ಮೇಷ್ಟ್ರಾಗುತ್ತಾರೆ. ನಟರ ದಣಿವೂ ನಿಮ್ಮ ಗಮನದಲ್ಲಿರಲಿ. ಬಿಡದಿಯಲ್ಲೋ ಹಾರೋಹಳ್ಳಿಯಲ್ಲೋ ಪಾಳಿ ಮುಗಿಸಿ ಬಸ್ಸು ಹಿಡಿದು ಬಂದವರು ನಿಮ್ಮ ತಂಡದಲ್ಲೂ ಇರಬಹುದು. ಸೂಪರ್‌ವೈಸರ್ ಮುಂದೆ ನಿಲ್ಲುವುದು ಹೇಗೆ ಎಂದು ಅವರಿಗೆ ಯಾರೂ ಕಲಿಸಬೇಕಿಲ್ಲ. ಅವರು ನಿಂತ ರೀತಿಯನ್ನು ಬರೆದುಕೊಳ್ಳಿ.

ಪ್ರದರ್ಶನಕ್ಕೆ ವಾರವಿರುವಾಗ ಕಸುಬು ಗೊತ್ತಿರುವ ಒಬ್ಬರನ್ನು ತಾಲೀಮಿಗೆ ಕರೆಯಿರಿ. ಚಹಾ ಕೊಟ್ಟು, ಮುಂದಿನ ಬೆಂಚಿನಲ್ಲಿ ಕೂರಿಸಿ. ನೀವು ನಾಟಕ ನೋಡುವುದು ಬಿಟ್ಟು ಅವರ ಮುಖ ನೋಡುತ್ತಿರಿ. ಬಿಚ್ಚಾಣಿಕೆಯ ಅಮ್ಮನಾದರೆ ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, “ಹಂಗಲ್ಲ ಕಣವ್ವ, ಕೊಡಿಲ್ಲಿ” ಎಂದು ನಟಿಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೀರಿಗೆ ಅದ್ದಿಯಾರು. ಆಗ ಯಾರೂ ತಡೆಯಬೇಡಿ.