ತಲೆಬುರುಡೆ ಮತ್ತು ದೇಹದ ಸಮಸ್ಥಿತಿ: ನೆನಪಿಡಬೇಕಾದ ಅಂಶಗಳು

1. ವಯಸ್ಕರ ದೇಹದ ಮೂಳೆಗಳು 206.

2. ತಲೆಬುರುಡೆಯಲ್ಲಿ 22: ಕಪಾಲ 8, ಮುಖ 14. ಕಿವಿಯ 6 ಕಿರುಮೂಳೆ, ನಾಲಿಗೆ ಬುಡದ ಹಯಾಯ್ಡ್ 1 ಸೇರಿಸಿದರೆ 29. ಗೊಂದಲವಾಗುವುದು ಇಲ್ಲೇ, ಪ್ರಶ್ನೆಯನ್ನು ಎರಡು ಸಲ ಓದಿ.

3. ಕಪಾಲದ 8: ಫ್ರಾಂಟಲ್ (ಹಣೆ) 1, ಪರೈಟಲ್ (ನೆತ್ತಿಯ ಇಕ್ಕೆಲ) 2, ಟೆಂಪೊರಲ್ (ಕಿವಿಯ ಬಳಿ) 2, ಆಕ್ಸಿಪಿಟಲ್ (ಹಿಂದಲೆ) 1, ಸ್ಫೀನಾಯ್ಡ್ 1, ಎತ್ಮಾಯ್ಡ್ 1. ಜೋಡಿ ಇರುವುದು ‘ಪ’ ಮತ್ತು ‘ಟ’ ಮಾತ್ರ.

4. ಬುರುಡೆಯಲ್ಲಿ ಅಲುಗಾಡುವ ಮೂಳೆ ಕೆಳದವಡೆಯೊಂದೇ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ, ಕೀಲು ಸಿಗುತ್ತದೆ. ಬೇರಾವ ಮೂಳೆಗೂ ಕೀಲಾಗಿ ಸೇರದ್ದು ಹಯಾಯ್ಡ್. ಅತಿ ಚಿಕ್ಕದು ಸ್ಟೇಪಿಸ್, ಅದು ಕಿವಿಯಲ್ಲಿದೆ.

5. ಅಜ್ಜಿಯರು ಎಣ್ಣೆ ಒತ್ತುವ ಕೂಸಿನ ಮೆತ್ತನೆಯ ನೆತ್ತಿಯೇ ಫಾಂಟನೆಲ್. ಮುಂಭಾಗದ ಫಾಂಟನೆಲ್ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ.

6. ಸಮಸ್ಥಿತಿ (ಹೋಮಿಯೋಸ್ಟಾಸಿಸ್): ಒಳಗಿನ ಸ್ಥಿತಿಯನ್ನು ಸ್ಥಿರವಾಗಿಡುವುದು. ಪದ ಕೊಟ್ಟವರು ವಾಲ್ಟರ್ ಕ್ಯಾನನ್. ಅದಕ್ಕೆ ಮೊದಲೇ ಪರಿಕಲ್ಪನೆ ಮಂಡಿಸಿದವರು ಕ್ಲಾಡ್ ಬರ್ನಾರ್ಡ್.

7. ಇವನ್ನು ನಿಯಂತ್ರಿಸುವ ಮಿದುಳಿನ ಭಾಗಗಳು. ಉಷ್ಣತೆ (ಸುಮಾರು 37 ಡಿಗ್ರಿ ಸೆಲ್ಸಿಯಸ್), ಹಸಿವು, ಬಾಯಾರಿಕೆ: ಹೈಪೋಥಲಾಮಸ್. ಉಸಿರಾಟ, ಹೃದಯ ಬಡಿತ: ಮೆಡುಲ್ಲಾ. ಸಮತೋಲನ: ಸೆರೆಬೆಲ್ಲಂ.

8. ಇನ್ಸುಲಿನ್ ರಕ್ತದ ಸಕ್ಕರೆ ಇಳಿಸುತ್ತದೆ, ಗ್ಲುಕಗಾನ್ ಏರಿಸುತ್ತದೆ. ಎರಡೂ ಮೇದೋಜೀರಕ ಗ್ರಂಥಿಯವೇ. ಗ್ಲೈಕೋಜನ್ ಹಾರ್ಮೋನ್ ಅಲ್ಲ, ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗುವ ಸಕ್ಕರೆಯ ರೂಪ.