ಕಬ್ಬಿಣದ ಬಕೆಟ್ಟಿನಲ್ಲಿ ಮೈಲುತುತ್ತ ಯಾಕೆ ಕರಗಿಸಬಾರದು?



‘ವಿದ್ಯುದ್ರಸಾಯನ’ ಎಂಬ ಹೆಸರು ಕೇಳಿದರೇ ನಮ್ಮಲ್ಲಿ ಅನೇಕರಿಗೆ ತಲೆಬಿಸಿ. ಆದರೆ ಅದರ ಮೂಲತತ್ವ ನಮ್ಮ ಅಡಿಕೆ ತೋಟದಲ್ಲೇ ಇದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರಲ್ಲ, ಅದಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಮೈಲುತುತ್ತ ಕರಗಿಸುವಾಗ “ಕಬ್ಬಿಣದ ಬಕೆಟ್ ಬೇಡ, ಪ್ಲಾಸ್ಟಿಕ್ಕಿಂದು ತಗೊಂಡು ಬಾ” ಅಂತ ಹಿರಿಯರು ಹೇಳೋದನ್ನು ನೀವೂ ಕೇಳಿರುತ್ತೀರಿ. ಯಾಕೆ ಬೇಡ? ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಕರಗಿದಾಗ ಅದರಲ್ಲಿ ತಾಮ್ರದ ಅಯಾನುಗಳು ಇರುತ್ತವೆ. ಪ್ರತಿ ಅಯಾನಿಗೂ 2 ಎಲೆಕ್ಟ್ರಾನುಗಳ ಕೊರತೆ. ಕಬ್ಬಿಣ ಎಲೆಕ್ಟ್ರಾನ್ ಕೊಡುವುದರಲ್ಲಿ ತಾಮ್ರಕ್ಕಿಂತ ಧಾರಾಳಿ. ಹಾಗಾಗಿ ಕಬ್ಬಿಣದ ಪರಮಾಣು 2 ಎಲೆಕ್ಟ್ರಾನ್ ಕೊಟ್ಟು ತಾನೇ ಅಯಾನಾಗಿ ನೀರಿಗೆ ಇಳಿಯುತ್ತದೆ. ತಾಮ್ರದ ಅಯಾನು ಆ ಎಲೆಕ್ಟ್ರಾನ್ ಪಡೆದು ಲೋಹವಾಗಿ ಬಕೆಟ್ಟಿಗೆ ಅಂಟುತ್ತದೆ. ಅಂದರೆ ಎರಡು ನಷ್ಟ: ಬಕೆಟ್ ಸವೆಯಿತು, ರೋಗ ತಡೆಯಬೇಕಾದ ತಾಮ್ರ ಬಕೆಟ್ಟಿನಲ್ಲೇ ಉಳಿಯಿತು. ಸತು ಲೇಪಿಸಿದ ಬಕೆಟ್ ಆದರೆ ಇನ್ನೂ ಬೇಗ, ಯಾಕೆಂದರೆ ಸತು ಕಬ್ಬಿಣಕ್ಕಿಂತಲೂ ಧಾರಾಳಿ.

ಎಲೆಕ್ಟ್ರಾನ್ ಕೊಡುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಕೊಡುವವನಿಲ್ಲದೆ ಪಡೆಯುವವನಿಲ್ಲ, ಎರಡೂ ಯಾವಾಗಲೂ ಜೊತೆಗೇ ನಡೆಯುತ್ತವೆ.

ಈಗ ಒಂದು ಉಪಾಯ ನೋಡಿ. ಬಕೆಟ್ಟಿನಲ್ಲಿ ಎಲೆಕ್ಟ್ರಾನ್ ಕೈಯಿಂದ ಕೈಗೆ ಹೋಯಿತು. ಕೊಡುವ ಲೋಹವನ್ನು, ಪಡೆಯುವ ಅಯಾನನ್ನು ಬೇರೆ ಬೇರೆ ಪಾತ್ರೆಯಲ್ಲಿಟ್ಟು ನಡುವೆ ತಂತಿ ಕಟ್ಟಿದರೆ? ಎಲೆಕ್ಟ್ರಾನ್ ತಂತಿಯ ಮೂಲಕವೇ ಹೋಗಬೇಕಾಗುತ್ತದೆ. ಅದೇ ವಿದ್ಯುತ್ ಪ್ರವಾಹ! 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ತಯಾರಿಸಿದ ಕೋಶ ಇದೇ ತತ್ವದ್ದು. ಒಂದು ಕಡೆ ಸತುವಿನ ಸಲ್ಫೇಟಿನಲ್ಲಿ ಸತು, ಇನ್ನೊಂದು ಕಡೆ ನಮ್ಮ ಮೈಲುತುತ್ತದ ದ್ರಾವಣದಲ್ಲಿ ತಾಮ್ರ. ಎರಡೂ ದ್ರಾವಣಗಳನ್ನು ಲವಣ ಸೇತುವೆ ಸೇರಿಸುತ್ತದೆ. ಸೇತುವೆ ತೆಗೆದರೆ ಒಂದು ಕಡೆ ಧನ ಆವೇಶ, ಇನ್ನೊಂದು ಕಡೆ ಋಣ ಆವೇಶ ಹೆಚ್ಚಾಗಿ ಪ್ರವಾಹ ನಿಂತೇ ಹೋಗುತ್ತದೆ.

ಎಷ್ಟು ವೋಲ್ಟ್ ಬರುತ್ತೆ? ಪ್ರಮಾಣಿತ ವಿಭವಗಳು ಹೀಗಿವೆ:

ಸತು : −0.76 ವೋಲ್ಟ್
ಕಬ್ಬಿಣ : −0.44 ವೋಲ್ಟ್
ತಾಮ್ರ : +0.34 ವೋಲ್ಟ್

ಕ್ಯಾಥೋಡಿನ ವಿಭವದಿಂದ ಆನೋಡಿನದನ್ನು ಕಳೆಯಿರಿ: 0.34 − (−0.76) = 1.10 ವೋಲ್ಟ್. ಉತ್ತರ ಧನವಾಗಿ ಬಂದರೆ ಕ್ರಿಯೆ ತಾನಾಗಿಯೇ ನಡೆಯುತ್ತದೆ ಎಂದರ್ಥ. ಕಬ್ಬಿಣ–ತಾಮ್ರಕ್ಕೆ 0.78 ವೋಲ್ಟ್. ಬಕೆಟ್ ಹಾಳಾಗೋದು ಇದಕ್ಕೇ.

ಪರೀಕ್ಷೆಗೆ ಒಂದು ಮಾತು. ಆನೋಡಿನಲ್ಲಿ ಯಾವಾಗಲೂ ಉತ್ಕರ್ಷಣ, ಕ್ಯಾಥೋಡಿನಲ್ಲಿ ಯಾವಾಗಲೂ ಅಪಕರ್ಷಣ. ‘ಆ’ನೋಡಿಗೆ ‘ಅ’ಪಕರ್ಷಣ ಅಂತ ಅಕ್ಷರ ನೋಡಿ ಜೋಡಿಸಬೇಡಿ, ಅಂಕ ಹೋಗುತ್ತೆ! ಕೋಶದಲ್ಲಿ ಆನೋಡ್ ಋಣ ಧ್ರುವ. ಹೊರಗಿನಿಂದ ವಿದ್ಯುತ್ ಕೊಟ್ಟು ವಿದ್ಯುದ್ವಿಭಜನೆ ಮಾಡುವಾಗ ಅದೇ ಧನ ಧ್ರುವ. ಚಿಹ್ನೆ ಬದಲಾಗುತ್ತದೆ, ಕೆಲಸ ಬದಲಾಗೋದಿಲ್ಲ. ತಾಮ್ರದ ಲೇಪನ ಮಾಡುವುದು ಈ ಎರಡನೇ ವಿಧಾನದಿಂದ. ಫ್ಯಾರಡೆಯ ನಿಯಮದಂತೆ 63.5 ಗ್ರಾಂ ತಾಮ್ರ ಕೂರಲು 2 × 96,500 = 1,93,000 ಕೂಲಂಬ್ ಬೇಕು.

ಇನ್ನೊಮ್ಮೆ ತೋಟಕ್ಕೆ ಬರೋಣ. ತಯಾರಾದ ಬೋರ್ಡೋ ದ್ರಾವಣದಲ್ಲಿ ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಯ ಭಾಗಗಳು ಸುಡುತ್ತವೆ. ಸುಣ್ಣದ ತಿಳಿ ಸೇರಿಸಿ ಮತ್ತೆ ನೋಡಬೇಕು. ಓದು ಬಾರದ ರೈತರೂ ಮಾಡುವ ಈ ಪರೀಕ್ಷೆ ನಮ್ಮ ಪುಸ್ತಕದ ಪಾಠವೇ. ಮನೆಯಲ್ಲಿ ಈ ಸಲ ದ್ರಾವಣ ತಯಾರಿಸುವಾಗ ಕಾರಣ ಸಮೇತ ಹೇಳಿ. ಆದರೆ ಮೈಲುತುತ್ತ ವಿಷ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನನ್ನೂ ತಿನ್ನಬೇಡಿ.

ನಿಮಗೊಂದು ಪ್ರಶ್ನೆ: ಸತುವಿನ ಸಲ್ಫೇಟ್ ದ್ರಾವಣದಲ್ಲಿ ತಾಮ್ರದ ತಂತಿ ಇಟ್ಟರೆ ಏನಾಗುತ್ತದೆ? ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಿ, ಕಾರಣ ಬರೆದು ಪತ್ರಿಕೆಯ ಪಕ್ಕದ ಮೊಳೆಗೆ ಚೀಟಿ ಸಿಕ್ಕಿಸಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.